ಎಸ್ತೇರಮ್ಮನ ಗೋಡೆ, ಉಜ್ಜಪ್ಪನ ಪಾಲು

ಶಿರಾಳಕೊಪ್ಪದಲ್ಲಿ ಬೆಳಕು ಹರಿಯುತ್ತಿದೆ. ಪ್ರಾರ್ಥನಾಲಯದ ಅರ್ಧ ಕಟ್ಟಿದ ಕಾಂಪೌಂಡಿನ ಮುಂದೆ ಎಸ್ತೇರಮ್ಮ ತಲೆಗೆ ಸೆರಗು ಹೊದ್ದು ಕಣ್ಣು ಮುಚ್ಚಿ ನಿಂತಿದ್ದಾರೆ. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಗೋಡೆಯ ನೇರ ನೋಡುವ, ದಾರಕ್ಕೆ ಕಟ್ಟಿದ ಗುಂಡು. ಪ್ರಾರ್ಥಿಸದೆ ಅವರು ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಇವತ್ತಿನ ಪ್ರಾರ್ಥನೆ ಮಾತ್ರ ಯಾಕೋ ಮುಗಿಯುತ್ತಲೇ ಇಲ್ಲ. ಎದುರುಮನೆಯ ಉಜ್ಜಪ್ಪ ಕಟ್ಟಿದ ಭಾಗ ಬೀದಿಯ ಕಡೆ ಹೊಟ್ಟೆ ಬಿಟ್ಟಿದೆ. ಮಳೆ ಹತ್ತಿರದಲ್ಲಿದೆ. ಗೋಡೆ ಬಿದ್ದರೆ ಉಜ್ಜಪ್ಪನ ಬಾಗಿಲಿಗೇ ಬೀಳುತ್ತದೆ.

"ಒಡೆಯೋಕೆ ಸುತ್ತಿಗೆ ಸಾಕು ರೀ. ಅವರಿಗೆ ಹೇಳೋಕೆ ದೇವರೇ ಬೇಕು," ಎನ್ನುತ್ತಾರೆ ಎಸ್ತೇರಮ್ಮ, ಒಂದೇ ಕಣ್ಣು ತೆರೆದು.

ಸೊರಬದ ಕಡೆಯಿಂದ ಸೊಸೆಯಾಗಿ ಬಂದವರು ಎಸ್ತೇರಮ್ಮ. ಗಂಡ ಸಮುವೇಲಪ್ಪ ಮೇಸ್ತ್ರಿ. ಅವರು ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಅದುವರೆಗೆ ಬಾಂಡ್ಲಿ ಹೊರುತ್ತಿದ್ದ ಹೆಂಡತಿ ಕರಣೆ ಹಿಡಿದರು. ಈಗ ದಿನಕ್ಕೆ ಐನೂರು ಇಟ್ಟಿಗೆ ಇಡುತ್ತಾರೆ, ಮೊಣಕಾಲು ಮುನಿಸಿಕೊಂಡರೆ ನಾನೂರು. ಕಟ್ಟೆಯ ಮೇಲೆ ಕುಳಿತು ತಪ್ಪು ಹುಡುಕುವ ಖಾತೆ ಸಮುವೇಲಪ್ಪನವರದು.

ಕಳೆದ ಮಳೆಗಾಲದಲ್ಲಿ ಕಾಂಪೌಂಡ್ ಉರುಳಿತು. ಸಭೆಯವರು ಬೆರಳೆಣಿಕೆಯಷ್ಟು ಮಂದಿ, ಗೋಡೆಯೋ ಬೀದಿಯುದ್ದ. ಭಾನುವಾರದ ಹೆಂಗಸರ ಪಾಠದಲ್ಲಿ ನೆಹೆಮೀಯನ ಕಥೆ ಬಂತು: ಯೆರೂಸಲೇಮಿನ ಬಿದ್ದ ಗೋಡೆಯನ್ನು ಜನ ತಂತಮ್ಮ ಮನೆಯೆದುರಿನಷ್ಟು ಕಟ್ಟಿ ಎಬ್ಬಿಸಿದ ಕಥೆ. ಉಳಿದವರು ಆಮೆನ್ ಹೇಳಿ ಮನೆಗೆ ಹೋದರು. ಎಸ್ತೇರಮ್ಮ ಮಾತ್ರ, ನಿಮ್ಮ ಮನೆಯೆದುರಿನ ಪಾಲು ನೀವು ಕಟ್ಟಿ ಎಂದು ಕೇಳಲು ಎದುರುಸಾಲಿನ ಬಾಗಿಲು ಬಡಿದರು.

"ನಿಮ್ಮ ದೇವರ ಗೋಡೆ ನಾವ್ಯಾಕೆ ಕಟ್ಟಬೇಕು?" ಎಂದರು ಮೊದಲ ಮನೆಯ ವನಜಮ್ಮ.

"ದೇವರಿಗೆ ಗೋಡೆ ಬೇಡ ಕಣ್ರೀ. ಮಳೆ ಬಂದ್ರೆ ಇಲ್ಲಿನ ಕೆಸರೆಲ್ಲ ಬರೋದು ನಿಮ್ಮ ಅಂಗಳಕ್ಕೆ."

ವನಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದರು. ಎಲ್ಲರಿಗಿಂತ ಮೊದಲು, ಕರೆಯದೆಯೇ, ಸ್ವಂತ ಇಟ್ಟಿಗೆ ತಂದವರು ಉಜ್ಜಪ್ಪ. ಕಷ್ಟ ಇರುವುದೂ ಅಲ್ಲಿಯೇ: ಅಂಥವರಿಗೆ ತಪ್ಪು ಹೇಳುವುದು ಹೇಗೆ?

ಅಂತೂ ಇವತ್ತಿನ ಪ್ರಾರ್ಥನೆಗೆ ಆಮೆನ್ ಆಗುತ್ತದೆ. ಉಜ್ಜಪ್ಪ ಚಹಾದ ಲೋಟ ಹಿಡಿದು ಹೊರಬರುತ್ತಾರೆ.

"ಅಣ್ಣಾ, ನಿಮ್ಮ ಪಾಲು ಬಿಚ್ಚಬೇಕು."

"ನಂದೇ ಕಂಡಿತಾ ನಿಂಗೆ? ನಿನ್ನ ದಾರನೇ ಸೊಟ್ಟ ಐತೆ ನೋಡವ್ವ."

"ದಾರ ನಾನು ಹಿಡಿದಿರೋದಷ್ಟೇ ಅಣ್ಣಾ. ಎಳೆಯೋದು ಭೂಮಿ."

"ಹಂಗಾದ್ರೆ ಭೂಮಿಗೇ ಹೇಳು!" ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ.

"ನೀನೇ ಕೆಡವಿಬಿಡು ಅತ್ಲಾಗೆ," ಎನ್ನುತ್ತಾರೆ ಕಟ್ಟೆಯಿಂದ ಸಮುವೇಲಪ್ಪ. ಎಸ್ತೇರಮ್ಮ ಮುಟ್ಟುವುದಿಲ್ಲ. ಕಟ್ಟಿದವರೇ ಬಿಚ್ಚಬೇಕು, ಇಲ್ಲದಿದ್ದರೆ ಪಾಲು ಕೊಟ್ಟದ್ದಕ್ಕೆ ಅರ್ಥವೇನು ಎನ್ನುವುದು ಅವರ ಲೆಕ್ಕ. ಪಕ್ಕದ ಪಾಲಿಗೆ ಸಿಮೆಂಟ್ ಕಲಸುತ್ತಾರೆ. ಬಿಸಿಲೇರುತ್ತದೆ.

ಕೊನೆಗೆ ಬಾಗಿಲು ತೆರೆದು ಸುತ್ತಿಗೆ ಹಿಡಿದು ಬಂದ ಉಜ್ಜಪ್ಪ, ಮುಖ ಬೇರೆಲ್ಲೋ ತಿರುಗಿಸಿಕೊಂಡು ಕೇಳುತ್ತಾರೆ: "ಮೇಲಿಂದ ಬಿಚ್ಚಲಾ, ಕೆಳಗಿಂದಲಾ?"

"ಕೆಳಗಿಂದ ಬಿಚ್ಚಿದ್ರೆ ಪ್ರಾರ್ಥನೆ ಮಾಡೋಕೂ ಟೈಮ್ ಸಿಗಲ್ಲ ಅಣ್ಣಾ."

ಉಜ್ಜಪ್ಪ ತಡೆಯಲಾರದೆ ನಗುತ್ತಾರೆ, ಮೊದಲ ಇಟ್ಟಿಗೆ ತೆಗೆದು ಕೊಡುತ್ತಾರೆ. ಎಸ್ತೇರಮ್ಮ ಅದರ ಹಳೆಯ ಸಿಮೆಂಟ್ ಕೆರೆದು ಪಕ್ಕಕ್ಕಿಡುತ್ತಾರೆ. ಮಧ್ಯಾಹ್ನಕ್ಕೆ ಪಾಯ ಕಾಣುತ್ತದೆ, ಸಂಜೆಗೆ ಗೋಡೆ ಮತ್ತೆ ಮೊಣಕಾಲೆತ್ತರ.

ಈ ಮಳೆಗಾಲಕ್ಕೆ ದೇವರಲ್ಲಿ ಏನು ಕೇಳುತ್ತೀರಿ ಎಂದರೆ ಎಸ್ತೇರಮ್ಮ ಯೋಚಿಸುವುದೇ ಇಲ್ಲ.

"ನನ್ನ ಪಾಲು ಬಿದ್ರೆ ಬೀಳ್ಲಿ, ಮತ್ತೆ ಕಟ್ತೀನಿ. ಉಜ್ಜಪ್ಪಣ್ಣಂದು ನಿಲ್ಲಬೇಕು ರೀ. ಇನ್ನೊಂದ್ಸಲ ಅವರಿಗೆ ಹೇಳೋ ಧೈರ್ಯ ನಂಗಿಲ್ಲ."