ಕತ್ತಿನ ಹಿಂದಿನ ಗೆರೆ

ಆ ಬೀದಿಯಲ್ಲಿ ರೇಡಿಯೋ ಎಂದರೆ ಹಾಡುವ ಪೆಟ್ಟಿಗೆಯಲ್ಲ, ಮೂಲೆಯ ಕಟಿಂಗ್ ಶಾಪಿನ ಮಾಲೀಕ. ಕತ್ತರಿ ಕೈಗೆ ಬಂದ ಕೂಡಲೇ ಬಾಯಿ ತಾನಾಗಿ ಶುರುವಾಗುತ್ತಿತ್ತು. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ. ಅವನ ನೆತ್ತಿ ಮೂವತ್ತಕ್ಕೇ ಬಟಾಬಯಲಾಗಿತ್ತು. ಹಿಂದೆ, ಕಿವಿಯಿಂದ ಕಿವಿಗೆ ಒಂದು ಪಟ್ಟಿ ಉಳಿದಿತ್ತು. “ಊರಿಗೆಲ್ಲ ಹಂಚಿ ಖಾಲಿಯಾಯ್ತು” ಎಂದು ತಾನೇ ನಗುತ್ತಿದ್ದ. ಬೇರೆಯವರು ನಕ್ಕರೆ ಮಾತ್ರ ಅವರ ಕಿವಿಯ ಹತ್ತಿರ ಕತ್ತರಿ ತುಸು ಜೋರಾಗಿಯೇ ಸದ್ದು ಮಾಡುತ್ತಿತ್ತು. ಕ್ಷೌರಿಕ ಊರಿನ ತಲೆಯನ್ನೆಲ್ಲ ಕತ್ತರಿಸಬಲ್ಲ, ತನ್ನದನ್ನು ಕತ್ತರಿಸಿಕೊಳ್ಳಲಾರ. ಹಾಗಾಗಿ ಉಳಿದ ಆ ಪಟ್ಟಿಯನ್ನು ತಿಂಗಳಿಗೊಮ್ಮೆ ಹೆಂಡತಿ ಸರಿಮಾಡುತ್ತಿದ್ದಳು. ಆಕೆ ಮನೆಯಲ್ಲೇ ಶರ್ಟು, ಶಾಲೆಯ ಸಮವಸ್ತ್ರ ಹೊಲಿಯುವವಳು. ಕತ್ತರಿ ಅವಳಿಗೂ ಹೊಸದಲ್ಲ.

ಅವನಿಗೆ ಗಿರಾಕಿಗಳು ನೂರಿದ್ದರು, ಸ್ನೇಹಿತ ಒಬ್ಬನೇ. ಅಗ್ನಿಶಾಮಕ ಠಾಣೆಯ ಡ್ರೈವರ್. ಮೂವತ್ತೊಂದು ವರ್ಷ, ತಿಂಗಳಿಗೆರಡು ಸಲ, ಆ ತಲೆ ಈ ಕೈಗೆ ಬರುತ್ತಿತ್ತು. ಇಲಾಖೆಯ ಕಟಿಂಗ್: ಕಿವಿಯ ಮೇಲೆ ಒಂದು ಎಳೆಯೂ ಬೀಳುವಂತಿಲ್ಲ. ಬೇರೆ ಗಿರಾಕಿಗಳು ಕುರ್ಚಿಯಲ್ಲಿ ತೂಕಡಿಸಿದರೆ, ಡ್ರೈವರ್ ಮಾತ್ರ ಮೊದಲಿಂದ ಕೊನೆಯವರೆಗೆ ಕಣ್ಣು ಬಿಟ್ಟುಕೊಂಡು ಕನ್ನಡಿಯನ್ನೇ ನೋಡುತ್ತ ಕೂರುತ್ತಿದ್ದ. “ನನ್ನ ಮಾತು ಒಂದಕ್ಷರ ತಪ್ಪಿಸ್ಕೊಳ್ಳಲ್ಲ ಅವನು” ಎಂದು ರೇಡಿಯೋ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಡ್ರೈವರ್ ನಿವೃತ್ತನಾದ. ಆ ವಾರವೇ ಬಂದು ಕೂತು ಹೇಳಿದ, “ಇನ್ನು ಉದ್ದ ಬಿಡ್ತೀನಿ ಕಣೋ. ಜೀವಮಾನದಲ್ಲಿ ಒಂದ್ಸಲ ಕೂದಲು ಕಾಲರ್ ಮೇಲೆ ಬೀಳಬೇಕು. ಹಿಂದೆ ಒಂಚೂರು ಸಮ ಮಾಡು ಸಾಕು.”

“ಆಯ್ತು ಬಿಡೋ” ಎಂದ ರೇಡಿಯೋ, ಮಹಡಿ ಮನೆಯವರ ನೀರಿನ ಜಗಳದ ಕಥೆ ಎತ್ತಿಕೊಂಡ. ಜಗಳ ಮುಗಿಯುವ ಹೊತ್ತಿಗೆ ಡ್ರೈವರನ ತಲೆ ಇಲಾಖೆಯ ಅಳತೆಗೆ ಬಂದಿತ್ತು. ಬಾಯಿ ಜಗಳದಲ್ಲಿತ್ತು, ಕೈ ತನಗೆ ಗೊತ್ತಿದ್ದ ದಾರಿ ಹಿಡಿದಿತ್ತು. ಎರಡು ತಿಂಗಳು ಬಿಟ್ಟು ಡ್ರೈವರ್ ಮತ್ತೆ ಬಂದ, ಮತ್ತೆ ಅದನ್ನೇ ಹೇಳಿದ. ಈ ಸಲ ಹಲ್ಲಿನ ಡಾಕ್ಟರ ಕಥೆ. ಫಲ ಅದೇ.

“ಬೆಳೆಯುತ್ತೆ ಬಿಡೋ, ಕೂದಲು ತಾನೇ?” ಎಂದ ರೇಡಿಯೋ. ಬೋಳುತಲೆಯವನು ಆಡುವ ಮಾತೇ ಅದು? ಡ್ರೈವರ್ ಮೈಮೇಲಿನ ಬಟ್ಟೆ ಸರಿಸಿ ಎದ್ದುಹೋದ. ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಐದು ತಿಂಗಳ ಮೇಲೆ ಬಸ್ ಸ್ಟಾಪಿನಲ್ಲಿ ಕಣ್ಣಿಗೆ ಬಿದ್ದ. ಬೆಳ್ಳಗಿನ ಕೂದಲು ಕಿವಿ ಮುಚ್ಚಿ ಹಿಂದಕ್ಕೆ ಇಳಿದಿತ್ತು. ಗಾಳಿ ಬಂದಾಗ ಅದನ್ನು ಬೆರಳಿಂದ ಹಿಂದಕ್ಕೆ ತಳ್ಳುತ್ತಿದ್ದ, ಅದೂ ಎಷ್ಟು ಸಲೀಸಾಗಿ! ರೇಡಿಯೋನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅರವತ್ತರ ಮುದುಕನಿಗೆ ಇಷ್ಟು ಕೂದಲು, ತನಗೆ ಮೂವತ್ತಕ್ಕೇ ಮುಗಿಯಿತು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಕಸುಬಿನ ಕಣ್ಣು ಇನ್ನೊಂದನ್ನು ಕಂಡಿತು. ಸುಮ್ಮನೆ ಬಿಟ್ಟ ಕೂದಲು ಕತ್ತಿನ ಹಿಂದೆ ಕಾಗೆ ಗೂಡಾಗುತ್ತದೆ. ಇದು ಆಗಿರಲಿಲ್ಲ. ಮೇಲಿನದನ್ನು ಬೆಳೆಯಬಿಟ್ಟು, ಕೆಳಗಿನದನ್ನು ಯಾರೋ ತಿಂಗಳು ತಿಂಗಳೂ ತಾಳ್ಮೆಯಿಂದ ಒಪ್ಪ ಮಾಡುತ್ತಿದ್ದರು. ಯಾರದೋ ಕೈ ಇತ್ತು ಅಲ್ಲಿ!

ಕೂದಲಿನ ಅಂಚಿನ ಆ ಗೆರೆ ತಾನು ಕತ್ತರಿಸುವ ಗೆರೆಯಂತೆ ನೇರವಿರಲಿಲ್ಲ, ಎದುರಿನ ಹೊಸ ಸಲೂನಿನವರದರಂತೆ ಗುಂಡಗೂ ಇರಲಿಲ್ಲ. ನಡುವೆ ಚೂರೇ ಚೂರು ಕೆಳಗೆ ಇಳಿದಿತ್ತು. ಅಂದಿನಿಂದ ರೇಡಿಯೋ ಊರಿನವರ ಮುಖ ನೋಡುವುದನ್ನು ಬಿಟ್ಟ, ಕತ್ತು ನೋಡತೊಡಗಿದ. ಬ್ಯಾಂಕಿನ ಸಾಲಿನಲ್ಲಿ ಕತ್ತು, ಬಸ್ಸಿನಲ್ಲಿ ಕತ್ತು. ಚಿಲ್ಲರೆ ಕೇಳುವ ನೆಪದಲ್ಲಿ ಎದುರಿನ ಸಲೂನಿಗೂ ನುಗ್ಗಿ ಬಂದ. ಅಂಥ ಗೆರೆ ಎಲ್ಲೂ ಸಿಗಲಿಲ್ಲ. ಅಂಗಡಿಯಲ್ಲಿ ಮಾತು ನಿಂತಿತು. “ಏನಣ್ಣ, ಬ್ಯಾಟರಿ ಮುಗೀತಾ?” ಎಂದು ಗಿರಾಕಿಗಳು ಕೇಳಿದರು. ಅವನಿಗೆ ನಗು ಬರಲಿಲ್ಲ. ಮೂವತ್ತೊಂದು ವರ್ಷ ಕೈಯಲ್ಲಿದ್ದ ತಲೆ, ಈಗ ಯಾವನ ಕೈಯಲ್ಲಿದೆಯೋ ಎಂದು ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಿರಾಕಿಯೊಬ್ಬರಿಗೆ ಕಟಿಂಗ್ ಮುಗಿಸಿ, ಹಿಂದಿನದನ್ನು ತೋರಿಸಲು ಕೈಗನ್ನಡಿ ಹಿಡಿದ. ಅವರು ತಲೆಯಾಡಿಸಿ ಹೋದರು. ಗೋಡೆಯ ದೊಡ್ಡ ಕನ್ನಡಿಗೆ ಬೆನ್ನು ಹಾಕಿ, ಕೈಗನ್ನಡಿಯ ಮೇಲಿನ ಕೂದಲು ಒರೆಸುತ್ತಿದ್ದಾಗ ಅದರಲ್ಲಿ ಒಂದು ಕತ್ತು ಕಂಡಿತು. ಮೇಲೆ ಬೋಳು, ಕೆಳಗೆ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಆ ಗೆರೆ! ನಡುವೆ ಚೂರೇ ಚೂರು ಇಳಿದದ್ದು, ಶರ್ಟಿನ ಕಾಲರಿಗೆ ಬಟ್ಟೆ ಕತ್ತರಿಸುವ ಹಾಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ, ಕತ್ತಿನ ಹಿಂದಿನದಕ್ಕೆ ಬೇಕೇ ಬೇಕು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದ ಪುಣ್ಯಾತ್ಮ ಹಗಲು ಹನ್ನೊಂದಕ್ಕೇ ಅಂಗಡಿ ಬಾಗಿಲು ಎಳೆದ.

ಹೆಂಡತಿ ಮೆಷಿನ್ ತುಳಿಯುತ್ತಿದ್ದಳು. ಕಿಟಕಿಯ ಹತ್ತಿರ ತಾನು ತಿಂಗಳಿಗೊಮ್ಮೆ ಕೂರುವ ಸ್ಟೂಲು, ಅದರ ಮೇಲೆ ಮಡಚಿಟ್ಟ ಹಳೆ ಬೆಡ್‌ಶೀಟು. ಬಿಡಿಸಿ ನೋಡಿದ. ಉದ್ದನೆಯ ಬೆಳ್ಳಿ ಕೂದಲು ಎರಡು.

“ಯಾವಾಗಿಂದ ಇದು?”

“ಐದು ತಿಂಗಳಾಯ್ತು. ಪ್ಯಾಂಟಿನ ಸೊಂಟ ಬಿಡಿಸೋಕೆ ಬಂದಿದ್ರು. ಹಿಂದೆ ಒಂಚೂರು ಸಮ ಮಾಡ್ಕೊಡಮ್ಮ ಅಂದ್ರು, ಮಾಡ್ಕೊಟ್ಟೆ” ಎಂದಳು, ತುಳಿಯುವುದನ್ನು ನಿಲ್ಲಿಸದೆ.

“ನನ್ನನ್ನ ಬಿಟ್ಟು ನಿನ್ನ ಹತ್ರ?”

“ನಿಮ್ಮ ಹತ್ರ ಎರಡು ಸಲ ಬಂದಿದ್ರಲ್ಲ, ಏನಾಯ್ತು?”

“ನಂಗ್ಯಾಕೆ ಹೇಳಲಿಲ್ಲ?”

“ಮೂರು ಸಲ ಬಾಯಿ ತೆಗೆದೆ. ಮೂರು ಸಲಾನೂ ನೀವು ಬೇರೆ ಕಥೆ ಶುರು ಮಾಡಿದ್ರಿ.” ಈಗ ಮೆಷಿನ್ ನಿಂತಿತು. “ರೀ, ಉರಿಯೋ ಮನೆಯೊಳಗೆ ನುಗ್ಗಿದ ಮನುಷ್ಯ, ನಿಮ್ಮ ಕತ್ತರಿ ಅಂದ್ರೆ ಹೆದರ್ತಾರೆ. ಇಲ್ಲಿ ಕಣ್ಣು ಮುಚ್ಕೊಂಡು ಕೂತಿರ್ತಾರೆ. ಒಂದೊಂದ್ಸಲ ನಿದ್ದೇನೂ ಮಾಡ್ಬಿಡ್ತಾರೆ.”

ರೇಡಿಯೋ ಸ್ಟೂಲಿನ ಮೇಲೆ ಕೂತ. ಹೆಂಡತಿಯ ಕೈ ಸಿಕ್ಕಿತೆಂದು ಸ್ನೇಹಿತನ ಮೇಲೆ ಉರಿದುಕೊಳ್ಳಬೇಕೋ, ಸ್ನೇಹಿತನ ತಲೆ ಸಿಕ್ಕಿತೆಂದು ಹೆಂಡತಿಯ ಮೇಲೋ, ತಿಳಿಯಲಿಲ್ಲ. ಇಬ್ಬರ ಮೇಲೂ ಉರಿದುಕೊಂಡ. ಸಂಜೆ ಡ್ರೈವರನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, “ನಾಳೆ ಬಾ. ಬಾಯಿ ಬಿಡಲ್ಲ, ಆಣೆ” ಎಂದ.

ಡ್ರೈವರ್ ಬಂದ. ರೇಡಿಯೋ ಬಟ್ಟೆ ಹೊದಿಸಿ, ಬಾಚಣಿಗೆ ಆಡಿಸಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೇಳಿದ, “ಎಷ್ಟು?”

ಡ್ರೈವರ್ ಕಿರುಬೆರಳಿನ ಉಗುರು ತೋರಿಸಿದ. ರೇಡಿಯೋ ಅಷ್ಟೇ ಕತ್ತರಿಸಿದ. ಕೈ ಕಿವಿಯ ಹತ್ತಿರ ಬಂದಾಗಲೆಲ್ಲ, ಸಂಜೆ ಕೊಟ್ಟಿಗೆಯ ಕಡೆ ಎಳೆಯುವ ಎತ್ತಿನ ಹಾಗೆ ಮೇಲಕ್ಕೆ ಎಳೆಯುತ್ತಿತ್ತು, ಹಿಡಿದುಕೊಂಡ. ಮೂರು ಒಳ್ಳೊಳ್ಳೆ ಕಥೆ ನುಂಗಿದ. ಮುಗಿದಾಗ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೆದ್ದೆ ಎಂದುಕೊಂಡು ತಲೆಯೆತ್ತಿ ಕನ್ನಡಿ ನೋಡಿದ.

ಡ್ರೈವರನ ಕಣ್ಣು ಕತ್ತರಿಯ ಮೇಲೆ ನೆಟ್ಟಿತ್ತು. ರೆಪ್ಪೆ ಮಿಟುಕಿಸಿರಲಿಲ್ಲ. ಬಟ್ಟೆಯ ಕೆಳಗೆ ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದಿದ್ದವು. ಇಷ್ಟು ವರ್ಷವೂ ಅವನು ಕೂತದ್ದು ಹೀಗೇ. ಮಾತು ಕೇಳಲು ಅಲ್ಲ.

“ಚೆನ್ನಾಗಿದೆ ಕಣೋ, ನಿಜವಾಗಿ” ಎಂದ ಡ್ರೈವರ್.

ರೇಡಿಯೋ ಬಟ್ಟೆ ಕೊಡವಿದ. “ಮುಂದಿನ ತಿಂಗಳು ಅವಳ ಹತ್ರಾನೇ ಹೋಗು.”

“ಬೇಜಾರಾಯ್ತಾ?”

“ಬೇಜಾರಲ್ಲ, ಹೊಟ್ಟೆಕಿಚ್ಚು. ಮೈಯೆಲ್ಲ ಉರೀತಿದೆ. ಆದ್ರೂ ಹೋಗು. ನಾನು ಮನೇಲಿರೋ ದಿನ ಹೋಗು.”

ಮುಂದಿನ ತಿಂಗಳು ಅಂಗಡಿಯ ರಜೆಯ ದಿನ ಡ್ರೈವರ್ ಕಿಟಕಿಯ ಸ್ಟೂಲಿನಲ್ಲಿ ಕೂತ. ಹೆಂಡತಿ ಬೆಡ್‌ಶೀಟು ಹೊದಿಸಿ ಕತ್ತರಿ ತೆಗೆದಳು. ಎದುರಿಗೆ ಕುರ್ಚಿ ಹಾಕಿಕೊಂಡು ರೇಡಿಯೋ ಕಾವಲು ಕೂತಿದ್ದ. ಎರಡೇ ನಿಮಿಷಕ್ಕೆ ಡ್ರೈವರನ ಕಣ್ಣು ಮುಚ್ಚಿತು, ತಲೆ ತುಸು ವಾಲಿತು, ಉಸಿರು ನಿಧಾನವಾಯಿತು. ಹೊಟ್ಟೆಯೊಳಗಿನ ಕೆಂಡ ಒಂದಿಷ್ಟೂ ಆರಿರಲಿಲ್ಲ. ಆದರೂ, ಅವನಿಗೆ ಎಚ್ಚರವಾದೀತೆಂದು ರೇಡಿಯೋ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ.