ಓರೆಗಣ್ಣಿಗೆ ಸಿಕ್ಕ ಸುರುಳಿ

ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಅಮಾವಾಸ್ಯೆ. ಸಂಜೆ ಆರೂವರೆ. ಶಾಗ್ಯದ ನಮ್ಮ ಹುಳುಮನೆಯಲ್ಲಿ ಇದ್ದವರು ಮೂವರು: ನಾನು, ಕೊಳ್ಳೇಗಾಲದಿಂದ ಬಂದಿದ್ದ ನನ್ನ ತಮ್ಮ, ಕೆಲಸಕ್ಕೆ ಕೈಜೋಡಿಸಲು ಬಂದ ಪಕ್ಕದ ಮನೆಯಾಕೆ. ರೇಷ್ಮೆಹುಳುಗಳು ಅಂದು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಅಂದೇ ಆಯ್ದು, ಗೂಡು ಕಟ್ಟಲು ಚಂದ್ರಂಕಿಗೆ ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಬಿಟ್ಟು ಹಾಳುಮಾಡುತ್ತವೆ. ಚಂದ್ರಂಕಿ ಎಂದರೆ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರುಪಟ್ಟಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ.

ತಮ್ಮ ಬಂದದ್ದು ಹುಳುವಿಗಾಗಿ ಅಲ್ಲ. ದಕ್ಷಿಣದ ಆಕಾಶದಲ್ಲಿ ಒಂದು ಸುರುಳಿ ಗ್ಯಾಲಕ್ಸಿ ಇದೆ, ಅದನ್ನು ನೋಡಲು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಎರಡೂ ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಈ ವರ್ಷ ಅಂಗಡಿ ಮುಚ್ಚಿದ. ಈಗ ಯಾರದಾದರೂ ಮುಖ ಕಾಣಬೇಕಾದರೆ ಅವರ ಕಿವಿಯ ಕಡೆ ನೋಡುತ್ತಾನೆ. ಅಂಗಡಿಯ ಬಗ್ಗೆ ಅವನು ಹೆಚ್ಚು ಮಾತಾಡಲಿಲ್ಲ. ಆಕಾಶ ನೋಡಲು ಇಟ್ಟುಕೊಂಡಿದ್ದ ಬೈನಾಕ್ಯುಲರನ್ನು ಇನ್ನೂ ಇಟ್ಟುಕೊಳ್ಳುವುದೋ, ಯಾರಿಗಾದರೂ ಕೊಟ್ಟುಬಿಡುವುದೋ ಎಂಬುದೇ ಅವನ ಚಿಂತೆ. ಈ ಸಂಜೆ ಗ್ಯಾಲಕ್ಸಿ ಕಂಡರೆ ಇಟ್ಟುಕೊಳ್ಳುವುದು, ಕಾಣದಿದ್ದರೆ ಕೊಡುವುದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದ.

ಅವನಿಗೆ ಪೂರ್ತಿ ಕತ್ತಲೆ ಬೇಕು. ಹುಳು ಆಯಲು ದೀಪ ಬೇಕು. ಏಳೂಕಾಲಿನಿಂದ ಏಳೂಮುಕ್ಕಾಲಿನವರೆಗೆ ದೀಪ ಆರಿಸಲು ನಾನು ಒಪ್ಪಿದೆ.

“ಅರ್ಧ ಗಂಟೆ ಹುಳ ಕಾಯ್ತವಾ ಸಿಸ್ಟ್ರಮ್ಮ?” ಎಂದು ಪಕ್ಕದ ಮನೆಯಾಕೆ ಕೇಳಿದಳು. ನರ್ಸ್ ಕೆಲಸದಿಂದ ನಿವೃತ್ತಳಾಗಿ ಹದಿಮೂರು ವರ್ಷವಾದರೂ ಊರಿಗೆ ನಾನು ಸಿಸ್ಟ್ರಮ್ಮನೇ.

“ಆ ಬೆಳಕು ಅಲ್ಲಿಂದ ಹೊಂಟು ಒಂದು ಕೋಟಿ ವರ್ಸ ಆಯ್ತು ಕಣವ್ವ,” ಎಂದ ತಮ್ಮ.

“ಅಷ್ಟು ಕಾಲ ಬಂದದ್ದು ನಾಳೆ ಗಂಟ ಕಾಯಕ್ಕಿಲ್ವಾ? ನಮ್ ಹುಳ ಕಾಯಕ್ಕಿಲ್ಲ ಕಣಣ್ಣ.”

ದೀಪ ಆರಿಸಿ ಅಂಗಳಕ್ಕೆ ಬಂದೆವು. ದಕ್ಷಿಣದಲ್ಲಿ ಒಂದು ಒಂಟಿ ನಕ್ಷತ್ರ ಹೊಳೆಯುತ್ತಿತ್ತು. ಕೈ ಚಾಚಿದರೆ ಅದರಿಂದ ನಾಲ್ಕು ಬೆರಳು ಕೆಳಗೆ ಎಂದು ತಮ್ಮ ಲೆಕ್ಕ ಹೇಳಿದ. ಹಗ್ಗದ ಮಂಚದ ಮೇಲೆ ಮಲಗಿ ಬೈನಾಕ್ಯುಲರ್ ಹಿಡಿದ. ಸ್ವಲ್ಪ ಹೊತ್ತಿಗೆ “ಕಾಣ್ತದೆ” ಎಂದ. ಆಮೇಲೆ ಎದ್ದು ಬೈನಾಕ್ಯುಲರನ್ನು ನನ್ನ ಕಡೆ ಚಾಚಿದ.

“ಇಂಥ ಮಬ್ಬು ನನ್ ಕಣ್ಣೊಳಗೇ ಬೇಕಾದಷ್ಟವೆ. ನೀನೊಂದು ಸಲ ನೋಡಿ ಹೇಳಕ್ಕ.”

ನಾನು ಮಲಗಿ ಅವನು ಹೇಳಿದ ಜಾಗವನ್ನೇ ನೆಟ್ಟ ದೃಷ್ಟಿಯಿಂದ ನೋಡಿದೆ. ಏನೂ ಇರಲಿಲ್ಲ. ಕಾಣದ್ದನ್ನು ಕಂಡಿತೆಂದು ರೋಗಿಯ ಚಾರ್ಟಿನಲ್ಲಿ ಬರೆದವಳಲ್ಲ ನಾನು. “ಇಲ್ಲ” ಎಂದೆ. ತಮ್ಮ ಬೈನಾಕ್ಯುಲರಿನ ಚೀಲಕ್ಕಾಗಿ ನೆಲ ತಡಕಿದ.

“ನೀವು ಗುರಾಯಿಸ್ತಾ ಇದ್ರೆ ಅದೆಲ್ಲಿ ಬಂದಾತು ಸಿಸ್ಟ್ರಮ್ಮ?” ಎಂದಳು ಪಕ್ಕದ ಮನೆಯಾಕೆ. “ಅಣ್ಣ ನೋಡೋ ತರ ನೋಡಿ. ಬಂದಾಗಿನಿಂದ ನನ್ ಓಲೆ ನೋಡ್ಕಂಡೇ ಮಾತಾಡ್ತಾವ್ರೆ.”

ಆ ಜಾಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ನೋಡಿದೆ. ಉದ್ದನೆಯ ಮಸುಕು ಬಿಳುಪೊಂದು ಬಂತು. ನೇರ ನೋಡಿದೆ, ಹೋಯಿತು. ಪಕ್ಕಕ್ಕೆ ನೋಡಿದೆ, ಬಂತು. ಮೂರು ಸಲ ಪರೀಕ್ಷಿಸಿದೆ.

ನನಗೆ ಕಂಡದ್ದೂ ಅವನಿಗೆ ಕಂಡದ್ದೂ ಒಂದೇ ಎಂದು ಇನ್ನೂ ಗೊತ್ತಾಗಿರಲಿಲ್ಲ. ಹುಳುವಿನ ತಟ್ಟೆಗೆ ಹಾಸುವ ಹಳೆಯ ಪೇಪರಿನ ಎರಡು ಹಾಳೆ ತಂದು, ಮೇಲ್ಗಡೆ ಯಾವುದೆಂದು ತಿಳಿಯಲು ಮೂಲೆ ಮಡಚಿದೆ.

“ಅದು ಎತ್ತಗೆ ವಾಲ್ಕೊಂಡದೆ ಅಂತ ಗೆರೆ ಎಳಿ. ಬಾಯಲ್ಲಿ ಹೇಳ್ಬೇಡ.”

“ನನಗೂ ಪರೀಕ್ಷೆನಾ ಅಕ್ಕ?”

“ಎಳಿಯೋ.”

ಕತ್ತಲಲ್ಲೇ ಒಬ್ಬೊಬ್ಬರು ಒಂದೊಂದು ಗೆರೆ ಎಳೆದು ಹಾಳೆಗಳನ್ನು ಪಕ್ಕದ ಮನೆಯಾಕೆಗೆ ಕೊಟ್ಟೆವು. ಏಳು ನಲವತ್ತಮೂರಕ್ಕೆ, ಎರಡು ನಿಮಿಷ ಮೊದಲೇ, ದೀಪ ಹಾಕಿದೆ. ಎರಡೂ ಗೆರೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಬಂದಿದ್ದವು.

“ಒಂದ್ರ ಮೇಲೊಂದು ಮಡಗಿದ್ರೆ ಒಂದೇಯ,” ಎಂದಳು ಆಕೆ. “ಈ ಗೆರೆಗಾ ದೀಪ ಆರಿಸಿದ್ದು?”

“ಅದು ಗೆರೆ ಅಲ್ಲ ಕಣವ್ವ, ಚಂದ್ರಂಕಿ ತರ ಸುರುಳಿ. ನಮಗೆ ಓರೆಯಾಗಿ ನಿಂತದೆ,” ಎಂದ ತಮ್ಮ. ಎರಡೂ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಬಂದ. ಹುಳುವಿನ ಮೇಲೆ ಬೀಳುತ್ತದೆ, ತೆಗೆ ಎಂದೆ. ಹಿಂದಕ್ಕೆ, ಬೆನ್ನಿನ ಮೇಲೆ ತಿರುಗಿಸಿಕೊಂಡ, ತೆಗೆಯಲಿಲ್ಲ. ಕೈ ತೊಳೆಸಿ, ಚಂದ್ರಂಕಿ ಎತ್ತಿಕೊಡುವ ಕೆಲಸಕ್ಕೆ ಹಚ್ಚಿದೆ.

ಎಂಟು ಐವತ್ತಕ್ಕೆ ಕೊನೆಯ ಹುಳು ಬಿಟ್ಟು, ನೆಲ ಗುಡಿಸಿ, ಬಾಗಿಲು ಎಳೆದುಕೊಂಡೆ.