ಕರೆಂಟಿಲ್ಲದ ವಾರದ ಕಂತುಗಳು

ಅಕ್ಕ ತೀರಿಕೊಂಡ ಮರುವರ್ಷ ನಮ್ಮ ಹಳೆಯ ದೆವ್ವದ ಧಾರಾವಾಹಿ ಮತ್ತೆ ಶುರುವಾಯಿತು. ಈ ಸಲ ಕೇಬಲ್ಲಿನ ಯಾವುದೋ ಚಾನೆಲ್ಲಿನಲ್ಲಿ, ಮಧ್ಯಾಹ್ನ ಎರಡಕ್ಕೆ, ವಾರಕ್ಕೆ ಐದು ದಿನ. ನಾನಾಗ ಮದುವೆಯಾಗಿ ಹೊಸ ಅಗ್ರಹಾರದಲ್ಲಿದ್ದೆ. ಗದ್ದೆ ನಾಟಿ ಮುಗಿದಿತ್ತು. ಅತ್ತೆ ಊಟ ಮಾಡಿ ಅಡ್ಡಾದ ಮೇಲೆ ಸೌಂಡು ಕಡಿಮೆ ಮಾಡಿಕೊಂಡು ಟಿವಿ ಮುಂದೆ ಕೂರುತ್ತಿದ್ದೆ. ನೋಡಲೇಬೇಕೆಂಬ ಆಸೆ ಏನೂ ಇರಲಿಲ್ಲ, ಕೂರುವುದಕ್ಕೆ ಬೇರೆ ಕಾರಣವಿತ್ತು.

ಅಕ್ಕ ಸತ್ತಾಗ ನನಗೆ ಅಳು ಬರಲಿಲ್ಲ. ಅವಳನ್ನು ಎಚ್.ಡಿ. ಕೋಟೆ ಕಡೆಗೆ ಕೊಟ್ಟಿದ್ದರು. ಜ್ವರ ಅಂತ ಮಲಗಿದವಳು ಎಂಟನೆಯ ದಿನ ಹೋಗಿಬಿಟ್ಟಳು. ಬಸ್ಸು ಬದಲಿಸಿ ಬದಲಿಸಿ ಹೋದೆ, ಮುಖ ನೋಡಿದೆ, ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ. ಹೆಂಗಸರು ನನ್ನನ್ನು ಹಿಡಿದು ಅಕ್ಕನ ಪಕ್ಕ ಕೂರಿಸಿ ಅತ್ತುಬುಡವ್ವ, ಒಳಗೇ ಇಟ್ಕಬ್ಯಾಡ ಅಂದರು. ಒಬ್ಬಾಕೆಯಂತೂ ತೋಳು ಚಿವುಟಿಯೂ ನೋಡಿದಳು. ನೋವಾಯಿತು ಅಷ್ಟೆ. ಆಮೇಲೆ ಒಂದು ವರ್ಷ ಉಂಡೆ, ಮಲಗಿದೆ, ಕಳೆ ಕಿತ್ತೆ. ಒಡಹುಟ್ಟಿದವಳಿಗೆ ಒಂದು ಹನಿ ಕಣ್ಣೀರು ಹಾಕದ ನಾನು ಎಂಥ ಹೆಂಗಸು ಎಂದು ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಆ ಧಾರಾವಾಹಿಯಲ್ಲಿ ಒಂದು ಕಂತಿತ್ತು. ಚಿಕ್ಕಂದಿನಲ್ಲಿ ಅದಕ್ಕಾಗಿ ಎರಡು ದಿನ ಅತ್ತಿದ್ದೆ. ಅದು ಬಂದರೆ ಈಗಲೂ ಅಳು ಬಂದೀತು, ಅದರ ಬೆನ್ನಿಗೇ ಅಕ್ಕನಿಗಾಗಿ ಅಳುವುದೂ ಆದೀತು ಎಂದುಕೊಂಡು ಕಾಯುತ್ತಿದ್ದೆ.

ಧಾರಾವಾಹಿಯ ಕತೆ ಹೇಳಿದರೆ ನಗುತ್ತೀರಿ. ಬೆಟ್ಟದ ಮೇಲಿನ ಊರೊಂದರ ಹಾಸ್ಟೆಲಿನಲ್ಲಿ ಪಿಯುಸಿ ಓದುವ ಐದು ಜನ ಹುಡುಗಿಯರು. ಐದು ವರ್ಷ ಓಡಿದರೂ ಅವರಲ್ಲಿ ಒಬ್ಬಳೂ ಪಿಯುಸಿ ಮುಗಿಸಲಿಲ್ಲ. ಶುರುವಿನಲ್ಲೇ ಒಬ್ಬಳು ಹಾಸ್ಟೆಲಿನ ಬಾವಿಗೆ ಬಿದ್ದು ಸತ್ತು, ಮಿಕ್ಕ ನಾಲ್ವರ ಜೊತೆ ದೆವ್ವವಾಗಿ ತಿರುಗಾಡಿಕೊಂಡಿದ್ದಳು. ನೀರಲ್ಲಿ ಮುಳುಗಿ ಸತ್ತವಳ ಯೂನಿಫಾರ್ಮು ಯಾವಾಗಲೂ ಇಸ್ತ್ರಿ ಮಾಡಿದ ಹಾಗೇ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅದು ವಾರಕ್ಕೊಂದು ಸಂಜೆ ಬರುತ್ತಿತ್ತು. ಅಕ್ಕ ಆಗ ರಾವಂದೂರಿನ ಹೈಸ್ಕೂಲಿಗೆ ಹೋಗುತ್ತಿದ್ದಳು, ನಾನು ನಮ್ಮೂರ ಶಾಲೆಯಲ್ಲೇ ಏಳನೆಯ ಕ್ಲಾಸು. ಇಬ್ಬರೂ ಅದಕ್ಕೆ ಪ್ರಾಣ ಬಿಡುತ್ತಿದ್ದೆವು.

ಆದರೆ ನಮ್ಮೂರಿಗೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಒಂದು ವಾರ ಸಂಜೆ ಇದ್ದರೆ ಮುಂದಿನ ವಾರ ಇಲ್ಲ. ಹಾಗಾಗಿ ನಾವು ಒಂದು ಕಂತು ನೋಡಿದರೆ ಮುಂದಿನದು ತಪ್ಪುತ್ತಿತ್ತು. ಅಕ್ಕನೇ ಅದಕ್ಕೆ ದಾರಿ ಕಂಡುಕೊಂಡಳು. ಅವಳ ಕ್ಲಾಸಿನ ಗೆಳತಿಯೊಬ್ಬಳ ಮನೆ ರಾವಂದೂರಿನಲ್ಲೇ ಇತ್ತು, ಅಲ್ಲಿ ಕರೆಂಟು ಹೋಗುತ್ತಿರಲಿಲ್ಲವಂತೆ. ತಪ್ಪಿದ ಕಂತನ್ನು ಮಾರನೆಯ ದಿನ ಆ ಗೆಳತಿಯಿಂದ ಕೇಳಿಕೊಂಡು ಬಂದು ಅಕ್ಕ ನನಗೆ ಹೇಳುತ್ತಿದ್ದಳು. ಹೊಗೆಸೊಪ್ಪು ಮುರಿಯುವ ಕಾಲದಲ್ಲಂತೂ ಸ್ಕೂಲಿಂದ ಬಂದವಳೇ ಚಪ್ಪರದ ಕೆಳಗೆ ಕೂತು, ಎಲೆಗಳನ್ನು ಜೋಡಿಸಿ ದಾರದಲ್ಲಿ ಕಡ್ಡಿಗೆ ಕಟ್ಟುತ್ತಾ ಶುರುಮಾಡುತ್ತಿದ್ದಳು. ಕೈಯೆಲ್ಲ ಸೊಪ್ಪಿನ ಕರಿ ಅಂಟು. ಕತೆ ಬಿಗಿಯಾದಾಗ ಅವಳ ಕೈ ನಿಂತುಹೋಗುತ್ತಿತ್ತು, ಅವ್ವ ಬೈಯುತ್ತಿದ್ದಳು, ಮತ್ತೆ ಕೈ ಓಡುತ್ತಿತ್ತು. ದೆವ್ವದ ಮಾತನ್ನು ಅವಳು ಮೂಗಿನಲ್ಲಿ ಹೇಳುತ್ತಿರಲಿಲ್ಲ. ಪಕ್ಕದ ಮನೆಯವಳು ಮೊಸರು ಕೇಳುವ ಹಾಗೆ ಹೇಳುತ್ತಿದ್ದಳು. ಅದಕ್ಕೇ ನನಗೆ ಜಾಸ್ತಿ ಭಯವಾಗುತ್ತಿತ್ತು.

ನಾನು ಅತ್ತಿದ್ದೂ ಹಾಗೆ ಕೇಳಿದ ಒಂದು ಕಂತಿಗೇ. ಸತ್ತವಳಿಗೆ ಒಂದು ವರ್ಷ ತುಂಬಿದ ದಿನ. ನಾಲ್ವರು ಗೆಳತಿಯರು ಮೆಸ್ಸಿನಿಂದ ಮುದ್ದೆ, ಕೋಳಿ ಸಾರು, ಹುಚ್ಚೆಳ್ಳು ಚಟ್ನಿ ತಂದು ಬಾಳೆಯೆಲೆಗೆ ಬಡಿಸಿ, ಅವಳ ಮಂಚದ ಮುಂದಿಟ್ಟು, ರೂಮಿನ ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಕೆಮ್ಮುತ್ತಾಳೆ, ನಾವು ಬರ್ತಾ ಇದೀವಿ ಅಂತ ಒಳಗಿರುವವಳಿಗೆ ತಿಳಿಯಲಿ ಎಂದು. ಬಾಗಿಲು ತೆಗೆದರೆ ಮುದ್ದೆಯಲ್ಲಿ ಒಂದು ತುತ್ತು ಮುರಿದಿರುತ್ತದೆ. ಒಂದೇ ತುತ್ತು. ಹೊಟ್ಟೆ ತುಂಬ ಉಣ್ಣುವುದಕ್ಕೆ ಅವಳಿಗೆ ಹೊತ್ತು ಸಾಲಲಿಲ್ಲ, ನಾವು ಬೇಗ ಕೆಮ್ಮಿಬಿಟ್ಟೆವು ಎಂದು ನಾಲ್ವರೂ ಅಳುತ್ತಾರೆ. ಆ ಮಾತಿಗೇ ನಾನು ಎರಡು ದಿನ ಅತ್ತಿದ್ದೆ.

ಮಧ್ಯಾಹ್ನದ ಪ್ರಸಾರದಲ್ಲಿ ಆ ಕಂತು ಹತ್ತಿರ ಬಂತು. ಅದರ ಹಿಂದಿನ ಕಂತನ್ನು ಚಿಕ್ಕವಳಿದ್ದಾಗ ನಾನೇ ಕಣ್ಣಾರೆ ನೋಡಿದ್ದೆ, ನಾಳೆಗೆ ಒಂದು ವರ್ಷ ಎಂದು ವಾರ್ಡನ್ ಹೇಳುವಲ್ಲಿಗೆ ಅದು ಮುಗಿಯುತ್ತಿತ್ತು. ಮಾರನೆಯ ದಿನ ಕಾದು ಕೂತೆ. ಹುಡುಗಿಯರು ಮೇಣದಬತ್ತಿ ಹಚ್ಚಿದರು. ಒಂದು ಹಾಡು ಹೇಳಿದರು. ಮಿಕ್ಕ ಹೊತ್ತೆಲ್ಲ ವಾರ್ಡನ್ ಕಳೆದುಕೊಂಡ ಬೀಗದ ಕೈ ಹುಡುಕಿದರು. ಎಲೆಯಿಲ್ಲ, ಮುದ್ದೆಯಿಲ್ಲ, ಬಾಗಿಲು ಹಾಕಲೇ ಇಲ್ಲ.

ಒಂದು ಕಂತು ಬಿಟ್ಟುಹೋಗಿರಬೇಕು ಎಂದುಕೊಂಡು ಇನ್ನೂ ಒಂದು ತಿಂಗಳು ನೋಡಿದೆ. ಒಂದು ಬಿಟ್ಟು ಒಂದು ಕಂತು, ಕರೆಂಟಿಲ್ಲದ ವಾರದ್ದೆಲ್ಲ, ನನಗೆ ಗೊತ್ತಿದ್ದ ಕತೆಯೇ ಅಲ್ಲ. ಆಗ ತಲೆಗೆ ಹೊಳೆಯಿತು. ಸತ್ತವರಿಗೆ ಎಡೆ ಇಟ್ಟು, ಬಾಗಿಲು ಹಾಕಿ, ಹೊರಗೆ ನಿಂತು, ಕೆಮ್ಮಿ ಒಳಗೆ ಹೋಗುವುದು ನಮ್ಮ ಮನೆಯ ಹಿರಿಯರ ಹಬ್ಬದ ಪದ್ಧತಿ. ಬೆಟ್ಟದ ಮೇಲಿನ ಹಾಸ್ಟೆಲಿನ ಹುಡುಗಿಯರಿಗೆ ಅದೆಲ್ಲಿಂದ ಗೊತ್ತಾಗಬೇಕು? ಅವರ ಮೆಸ್ಸಿನಲ್ಲಿ ಹುಚ್ಚೆಳ್ಳು ಚಟ್ನಿ ಯಾರು ಮಾಡುತ್ತಾರೆ? ಪ್ರತಿ ವರ್ಷ ಹಬ್ಬದಲ್ಲಿ ಬಾಗಿಲ ಹೊರಗೆ ನಿಂತವಳು ನಾನು, ಆದರೂ ಇಷ್ಟು ವರ್ಷ ಒಂದು ಸಲವೂ ಅನುಮಾನ ಬಂದಿರಲಿಲ್ಲ. ಬುದ್ಧಿವಂತೆ ಅನ್ನಿಸಿಕೊಂಡಿದ್ದೆ ಬೇರೆ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಇದನ್ನೆಲ್ಲ ಕಟ್ಟಿದ್ದು ಅಕ್ಕನೋ, ಅವಳ ಗೆಳತಿಯೋ? ಗೆಳತಿಯಾದರೆ ನಾನು ಅತ್ತಿದ್ದು ಯಾರದೋ ಮಾತಿಗೆ. ಅಕ್ಕನೇ ಆದರೆ ಅಳುವುದಕ್ಕೆ ಟಿವಿ ಕಾಯಬೇಕಾಗಿಯೇ ಇರಲಿಲ್ಲ. ಹಬ್ಬಕ್ಕೆಂದು ತವರಿಗೆ ಹೋದವಳು ಅವ್ವನಿಗೆ ಬ್ಲೌಸ್ ಪೀಸು ತರುತ್ತೇನೆಂದು ಹೇಳಿ ರಾವಂದೂರಿಗೆ ಹೊರಟೆ.

ಆ ಗೆಳತಿಯನ್ನು ಕುಶಾಲನಗರದ ಕಡೆಗೆ ಕೊಟ್ಟಿದ್ದರು. ಹಿಂದಿನ ತಿಂಗಳಷ್ಟೇ ವಾಪಸು ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದಾಳೆ ಅಂತ ಕೇಳಿದ್ದೆ. ನಾನು ಇಂಥವಳ ತಂಗಿ ಅಂದಕೂಡಲೇ ಅವಳ ಮುಖ ಅರಳಿತು. ಸ್ಟೂಲು ಕೊಟ್ಟು ಕೂರಿಸಿ, ಮಿಷನ್ನು ತುಳಿಯುತ್ತಲೇ ಮಾತಾಡಿದಳು. ಧಾರಾವಾಹಿಯ ಮಾತು ತೆಗೆದು, ತಪ್ಪಿದ ಕಂತನ್ನೆಲ್ಲ ನೀವೇ ಹೇಳುತ್ತಿದ್ದಿರಂತೆ ಅಂದೆ. ಅವಳು ನಕ್ಕುಬಿಟ್ಟಳು. ಅವರ ಮನೆಯಲ್ಲಿ ಟಿವಿಯೇ ಇರಲಿಲ್ಲವಂತೆ, ಮಕ್ಕಳು ಕೆಡುತ್ತವೆ ಎಂದು ಅವರಪ್ಪ ತರಿಸಿರಲಿಲ್ಲ. ಅಕ್ಕನೇ ಪ್ರತಿ ವಾರ ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಅವಳಿಗೆ ಕತೆ ಹೇಳುತ್ತಿದ್ದಳಂತೆ. ನಮ್ಮೂರಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದು ಜಂಬ ಬೇರೆ ಕೊಚ್ಚುತ್ತಿದ್ದಳಂತೆ.

ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. ಆದರೂ ಅಳು ಬರಲಿಲ್ಲ. ಬ್ಲೌಸಿನ ಬಟ್ಟೆ ಕೊಂಡು ಹೊರಡೋಣ ಎಂದು ಎದ್ದೆ.

"ನಿಮ್ಮಕ್ಕ ಹೆಂಗವ್ಳೆ?" ಅಂದಳು. "ಎಸೆಸ್ಸೆಲ್ಸಿ ಪರೀಕ್ಸೆ ಬಂತು, ಕತೆ ಅರ್ಧಕ್ಕೇ ನಿಂತೋಯ್ತು. ಆ ಸತ್ತೋದ ಹುಡ್ಗಿ ಕೊನೇಗೆ ಏನಾದ್ಲು ಅಂತ ಹೇಳ್ದೇನೆ ಮದ್ವೆ ಮಾಡ್ಕಂಡು ಹೊಂಟೋದ್ಲು. ಬಂದಾಗ ಕಳ್ಸವ್ವ ಇಲ್ಲಿಗೆ, ಕೇಳ್ಬೇಕು."

ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಆ ಒಂದು ವರ್ಷದಲ್ಲಿ ನಾನು ಯಾರಿಗೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದಿರಲಿಲ್ಲ. ಎಲ್ಲರಿಗೂ ನಾನು ಹೇಳುವ ಮೊದಲೇ ಗೊತ್ತಾಗಿರುತ್ತಿತ್ತು. ಎದುರು ಸಿಕ್ಕವರು ನನ್ನ ಕೈ ಹಿಡಿದುಕೊಂಡು ಅವರೇ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ.

"ಅಕ್ಕ ಹೋದ ವರ್ಸ ತೀರ್ಕಂಡ್ಲು ಕಣಕ್ಕ" ಅಂದೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿಬಿಟ್ಟೆ.

ಅವಳು ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. ನಂಬಿಕೆಯಾಗದೆ, ಇನ್ನೊಂದು ಸಲ ಹೇಳು ಅಂದಳು.

ಬಾಯಿ ತೆರೆದೆ. ಎರಡನೆಯ ಸಲ ಹೇಳುವುದು ನನ್ನಿಂದ ಆಗಲಿಲ್ಲ.